ಲೆರ್ವಿಕ್‌ನಲ್ಲಿ ಇಳಿಯದ ದಿನ

ನಾರ್ವೆಯಿಂದ ಬಂದು ಹತ್ತು ದಿನ ಆಯಿತು. ಫೋಟೋ ಎಲ್ಲಿ ಅಂತ ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ, ಗೈರಂಗರ್ ಫ್ಯೋರ್ಡ್, ಟ್ರೊಮ್ಸೋ ಎಲ್ಲದರದ್ದೂ ಇವೆ. ಅದಕ್ಕೂ ಮೊದಲು ಹಡಗಿನ ರಿಸೆಪ್ಶನ್ ಮುಂದೆ ನೋಡಿದ ಒಂದು ಜಗಳದ ಬಗ್ಗೆ ಬರೆಯಬೇಕು. ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಹೋಗಿದ್ದು ನಾನು ಮತ್ತು ಅಪ್ಪ. ಅಪ್ಪನಿಗೆ ಈಗ 71. ಮೈಸೂರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವರು. ಯಾವ ಯಂತ್ರ ಕಂಡರೂ ನಿಂತು ನೋಡುತ್ತಾರೆ. ನಾನು ಇಂಗ್ಲೆಂಡಿನಲ್ಲಿ ಇರುವುದರಿಂದ ಸೌತಾಂಪ್ಟನ್‌ನಿಂದ ಹೊರಡುವ ಹಡಗು ಹಿಡಿದೆವು. ಸೆಪ್ಟೆಂಬರ್ ಕೊನೆ. ಆ ಕಡೆ ಬೇಸಿಗೆ ಮುಗಿದು ಗಾಳಿ ಜೋರಾಗುವ ಕಾಲ, ಟಿಕೆಟ್ ಕಡಿಮೆಗೆ ಸಿಗುತ್ತದೆ.

ಹೋಗುವಾಗ ಸಮುದ್ರ ಚೆನ್ನಾಗಿತ್ತು. ನಾರ್ವೆಯ ಕರಾವಳಿಯಲ್ಲಿ ಹೆಚ್ಚಿನ ಕಡೆ ದ್ವೀಪಗಳ ಸಾಲು ಹಡಗಿಗೆ ಮರೆ ಕೊಡುತ್ತದೆ. ಸ್ಟಾಡ್ ಅನ್ನುವ ಜಾಗದಲ್ಲಿ ಆ ಮರೆ ಇಲ್ಲ, ಬೆಟ್ಟ ನೇರವಾಗಿ ಸಮುದ್ರಕ್ಕೆ ಚಾಚಿಕೊಂಡಿದೆ. ಹಿಂದೆ ವೈಕಿಂಗರು ಅದನ್ನು ಸುತ್ತಿ ಹೋಗಲು ಹೆದರಿ ದೋಣಿಗಳನ್ನು ನೆಲದ ಮೇಲೆ ಎಳೆದುಕೊಂಡು ಆಚೆ ದಾಟಿಸುತ್ತಿದ್ದರಂತೆ. ಅಲ್ಲಿ ಹಡಗು ಹೋಗುವಂಥ 1.7 ಕಿಲೋಮೀಟರ್ ಉದ್ದದ ಸುರಂಗ ಕೊರೆಯಬೇಕು ಅಂತ ನಾರ್ವೆಯವರು ಎಷ್ಟೋ ವರ್ಷ ಯೋಚನೆ ಮಾಡಿದ್ದಾರೆ ಅಂದರೆ ಆ ಜಾಗದ ಭಯ ಎಷ್ಟಿರಬೇಕು ನೋಡಿ. ನಮಗೆ ಅಲ್ಲಿ ಸ್ವಲ್ಪ ತೂಗಾಡಿತು, ಅಷ್ಟೇ.

ಕಷ್ಟ ಬಂದಿದ್ದು ವಾಪಸ್ ಬರುವಾಗ. ನಾರ್ವೆಯ ಓಲೆಸುಂಡ್ ಬಿಟ್ಟು, ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಕಡೆ ಹೊರಟ ಸಂಜೆ ಕ್ಯಾಪ್ಟನ್ ಮೈಕ್‌ನಲ್ಲಿ ಮಾತಾಡಿದರು. ರಾತ್ರಿ ಗಾಳಿ ಬೋಫರ್ಟ್ ಮಾಪನದಲ್ಲಿ 9ಕ್ಕೆ ಹೋಗಬಹುದು, ಅಲೆಗಳು ಆರೇಳು ಮೀಟರ್ ಇರುತ್ತವೆ, ಓಡಾಡುವಾಗ ಒಂದು ಕೈ ಯಾವಾಗಲೂ ಕಂಬಿ ಮೇಲಿರಲಿ ಅಂದರು. 9 ಅಂದರೆ ಗಂಟೆಗೆ 75ರಿಂದ 88 ಕಿಲೋಮೀಟರ್ ವೇಗದ ಗಾಳಿ. ಅವರ ದನಿ ಶಾಂತವಾಗಿತ್ತು. ಆದರೆ ಕೆಲಸದವರ ಓಡಾಟ ನೋಡಿದರೆ ಗೊತ್ತಾಗುತ್ತಿತ್ತು. ಈಜುಕೊಳದ ನೀರು ಬಿಟ್ಟು ಮೇಲೆ ಬಲೆ ಕಟ್ಟಿದರು. ಡೆಕ್ ಮೇಲಿನ ಕುರ್ಚಿಗಳನ್ನು ಪೇರಿಸಿ ಹಗ್ಗ ಬಿಗಿದರು. ಹೊರಗೆ ಹೋಗುವ ಬಾಗಿಲು ಮುಚ್ಚಿದರು. ಪ್ರತಿ ಮಹಡಿಯ ಮೆಟ್ಟಿಲ ಕಂಬಿಗೂ ವಾಂತಿ ಚೀಲಗಳನ್ನು ಸಿಕ್ಕಿಸಿದರು. ರಾತ್ರಿಯ ಡ್ಯಾನ್ಸ್ ಕಾರ್ಯಕ್ರಮ ರದ್ದಾಯಿತು. ಊಟದ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿದ್ದರು, ತಟ್ಟೆ ಜಾರಬಾರದು ಅಂತ. ಸೂಪ್ ಅರ್ಧ ಬಟ್ಟಲು ಮಾತ್ರ ಕೊಟ್ಟರು.

ರಾತ್ರಿ ಹನ್ನೊಂದರ ಮೇಲೆ ಶುರುವಾಯಿತು. ಮೊದಲು ಬೀರುವಿನಲ್ಲಿ ಹ್ಯಾಂಗರ್‌ಗಳು ಟಿಣ್ ಟಿಣ್ ಅನ್ನತೊಡಗಿದವು. ಆಮೇಲೆ ಡ್ರಾಯರ್‌ಗಳು ತಾವಾಗಿಯೇ ತೆರೆದುಕೊಂಡು, ತಾವಾಗಿಯೇ ಮುಚ್ಚಿಕೊಂಡವು. ಮೇಜಿನ ಮೇಲಿದ್ದ ನೀರಿನ ಲೋಟ ಆ ತುದಿಗೆ ಹೋಗಿ ನಿಂತಿತು, ಒಂದು ಕ್ಷಣ ಬಿಟ್ಟು ಈ ತುದಿಗೆ ಬಂತು. ಗೋಡೆಗಳೆಲ್ಲ ಹಳೆ ಎತ್ತಿನಗಾಡಿ ಥರ ಕಿರುಗುಡುತ್ತಿದ್ದವು. ಹಡಗಿನ ಮೂತಿ ಮೇಲಕ್ಕೆ ಏಳುವಾಗ ಹಾಸಿಗೆಗೆ ಒತ್ತಿ ಹಿಡಿದ ಹಾಗಾಗುತ್ತದೆ. ಕೆಳಗೆ ಇಳಿಯುವಾಗ ಹೊಟ್ಟೆ ಮೇಲೆಯೇ ಉಳಿದುಬಿಡುತ್ತದೆ. ತಳ ನೀರಿಗೆ ಬಡಿದಾಗ ಧಡ್ ಅಂತ ಸದ್ದು, ಆಮೇಲೆ ಇಡೀ ಹಡಗು ಅಡಿಯಿಂದ ಮುಡಿಯವರೆಗೆ ಗಡಗಡ ನಡುಗುತ್ತದೆ. ಆ ನಡುಕ ನಿಲ್ಲುವವರೆಗೆ ನಾನು ಉಸಿರು ಹಿಡಿದುಕೊಂಡಿರುತ್ತಿದ್ದೆ. ಹೀಗೆ ಬೆಳಗಿನ ತನಕ.

ಅಪ್ಪ ಮಾತ್ರ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು. ಹಡಗಿನ ಎರಡೂ ಪಕ್ಕದಲ್ಲಿ, ನೀರೊಳಗೆ, ಮೀನಿನ ರೆಕ್ಕೆ ಥರದ ಸ್ಟೆಬಿಲೈಜರ್‌ಗಳು ಇರುತ್ತವೆ. ಪಕ್ಕಕ್ಕೆ ವಾಲುವುದನ್ನು ಅವು ತಡೆಯುತ್ತವೆ. ಮುಂದೆ ಹಿಂದೆ ಏಳುಬೀಳುವುದನ್ನು ತಡೆಯುವುದು ಅವುಗಳ ಕೈಲಿ ಆಗುವುದಿಲ್ಲ. "ಹಡಗು ಓಡ್ತಾ ಇದ್ರೆ ಮಾತ್ರ ಆ ರೆಕ್ಕೆಗೆ ಬಲ. ಎಂಜಿನ್ ನಿಲ್ಲಬಾರದು ಅಷ್ಟೇ" ಅಂದರು ಅಪ್ಪ. ನನಗೆ ಆ ಮಾತು ಆ ಹೊತ್ತಿಗೆ ಬೇಡವಾಗಿತ್ತು.

ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗ ಮಲ್ಪೆಯವನು. ನಮ್ಮ ಉಡುಪಿ, ಮಂಗಳೂರು ಕಡೆಯವರು ಇಂಥ ಹಡಗುಗಳಲ್ಲಿ ಎಷ್ಟೋ ಜನ ಇದ್ದಾರೆ. ಮೊದಲ ದಿನ ನಾವಿಬ್ಬರು ಮಾತಾಡುವುದನ್ನು ಕೇಳಿ "ಕನ್ನಡವಾ ಅಕ್ಕ?" ಅಂತ ನಿಂತಿದ್ದ. ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟಿದ. ಕೈಯಲ್ಲಿ ಹಸಿರು ಸೇಬು, ಉಪ್ಪಿನ ಬಿಸ್ಕತ್ತು. ಹೊಟ್ಟೆ ಖಾಲಿ ಬಿಡಬೇಡಿ, ಕಿಟಕಿಯಿಂದ ದೂರದ ಗೆರೆ ನೋಡ್ತಾ ಇರಿ, ಆಗುದಿಲ್ಲ ಅಂದ್ರೆ ಕಣ್ಣು ಮುಚ್ಚಿ ಮಲಗಿ ಅಂದ. ಅದರಲ್ಲಿ ಕಾರಣವೂ ಇದೆ. ಕಿವಿಯ ಒಳಗಿನ ಭಾಗ ದೇಹ ಅಲ್ಲಾಡುತ್ತಿದೆ ಅಂತ ಹೇಳುತ್ತದೆ, ಕಣ್ಣು ಕೋಣೆ ಅಲ್ಲಾಡುತ್ತಿಲ್ಲ ಅಂತ ಹೇಳುತ್ತದೆ. ಆ ಎರಡೂ ಹೊಂದದಿದ್ದಾಗ ವಾಕರಿಕೆ ಬರುತ್ತದೆ. ದಿಗಂತ ನೋಡಿದರೆ ಎರಡೂ ಒಂದೇ ಮಾತು ಹೇಳುತ್ತವೆ.

ನಿನಗೆ ಆಗಿಲ್ಲವಾ ಅಂತ ಕೇಳಿದೆ. "ಎರಡು ಸಲ ಆಯ್ತು ಅಕ್ಕ. ಮುಖ ತೊಳ್ದು ಬಂದೆ" ಅಂದ. ಅವನ ಕಣ್ಣು ಕೆಂಪಗಿದ್ದವು. ರಾತ್ರಿಯೆಲ್ಲ ಕಾರಿಡಾರ್‌ನಲ್ಲಿ ಯಾರ್ಯಾರದೋ ವಾಂತಿ ಬಳಿದಿದ್ದಾನೆ. ನಮ್ಮ ಮುಂದೆ ನಿಂತಾಗ ಷರ್ಟಿನ ಗುಂಡಿ ಒಂದೂ ತಪ್ಪಿರಲಿಲ್ಲ.

ಒಂಬತ್ತರ ಹೊತ್ತಿಗೆ ಶೆಟ್‌ಲ್ಯಾಂಡಿನ ಮುಖ್ಯ ಊರು ಲೆರ್ವಿಕ್ ಕಾಣಿಸಿತು. ಬೂದು ಕಲ್ಲಿನ ಮನೆಗಳು, ಹಸಿರು ಗುಡ್ಡ. ಆಕಾಶ ತೊಳೆದಿಟ್ಟ ಹಾಗೆ, ಬಿಸಿಲು. ಅಷ್ಟರಲ್ಲಿ ಕ್ಯಾಪ್ಟನ್ ದನಿ ಮತ್ತೆ ಬಂತು. ಇಳಿಯಲು ಆಗುವುದಿಲ್ಲ, ನೇರ ಸೌತಾಂಪ್ಟನ್‌ಗೆ ಹೋಗುತ್ತೇವೆ.

ನನಗೂ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪನಿಗಂತೂ ಶೆಟ್‌ಲ್ಯಾಂಡಿನ ದಕ್ಷಿಣ ತುದಿಯ ಸಂಬರ್ಗ್ ಹೆಡ್ ನೋಡಲೇಬೇಕಿತ್ತು. ಅಲ್ಲಿ 1821ರ ದೀಪಸ್ತಂಭ ಇದೆ. ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸಲು ಊದುತ್ತಿದ್ದ ಹಳೆಯ ದೊಡ್ಡ ಹಾರ್ನ್, ಅದಕ್ಕೆ ಗಾಳಿ ಕೊಡುವ ಎಂಜಿನ್‌ಗಳನ್ನು ರಿಪೇರಿ ಮಾಡಿ ಇಟ್ಟಿದ್ದಾರೆ. ಆರು ತಿಂಗಳಿಂದ ಅದರ ಬಗ್ಗೆಯೇ ಓದಿಕೊಂಡಿದ್ದರು. ಕಣ್ಣಳತೆಯಲ್ಲಿ ಊರು ಕಾಣುತ್ತಿದೆ, ಹೋಗುವ ಹಾಗಿಲ್ಲ.

ಯಾಕೆ ಅಂದರೆ, ನಮ್ಮ ಹಡಗು ದಡಕ್ಕೆ ತಾಗುವುದಿಲ್ಲ. ಬ್ರೆಸ್ಸೇ ದ್ವೀಪಕ್ಕೂ ಊರಿಗೂ ನಡುವೆ ಲಂಗರು ಹಾಕಿ, ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಹಡಗಿನ ಮೆಟ್ಟಿಲು ಒಂದು ಲಯದಲ್ಲಿ ಏಳುತ್ತದೆ, ದೋಣಿ ಇನ್ನೊಂದು ಲಯದಲ್ಲಿ. ನಡುವೆ ಒಂದು ಹೆಜ್ಜೆಯ ಸಂದು. ಸಮುದ್ರ ಶಾಂತವಾಗಿದ್ದರೆ ಇಬ್ಬರು ಕೆಲಸದವರು ತೋಳು ಹಿಡಿದು ದಾಟಿಸುತ್ತಾರೆ. ಅಲೆ ಇದ್ದರೆ ಆ ಸಂದು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಅದರಲ್ಲಿ ಕಾಲು ಸಿಕ್ಕಿದರೆ ಮೂಳೆ ಉಳಿಯುವುದಿಲ್ಲ. ನಮ್ಮ ಹಡಗಿನಲ್ಲಿ ಅರ್ಧಕ್ಕರ್ಧ ಜನ ಅಪ್ಪನ ವಯಸ್ಸಿನವರು, ಕೋಲು ಹಿಡಿದವರು, ವೀಲ್‌ಚೇರ್‌ನಲ್ಲಿ ಇದ್ದವರು. ಬಿಸಿಲು ಇತ್ತು ನಿಜ. ಗಾಳಿ ನಿಂತಿರಲಿಲ್ಲ. ಗಾಳಿ ನಿಂತರೂ ಅದು ಎಬ್ಬಿಸಿದ ಅಲೆ ಗಂಟೆಗಟ್ಟಲೆ ನಿಲ್ಲುವುದಿಲ್ಲ.

ಇಷ್ಟನ್ನೂ ಕ್ಯಾಪ್ಟನ್ ಹೇಳಿದ್ದರು. ಆದರೂ ರಿಸೆಪ್ಶನ್ ಮುಂದೆ ನಲವತ್ತು ಐವತ್ತು ಜನರ ಸಾಲು. ಎಲ್ಲರ ಮುಂದೆ ಇದ್ದ ಒಬ್ಬ ವ್ಯಕ್ತಿ ಕೂಗುತ್ತಿದ್ದ. ನಾನು ದುಡ್ಡು ಕೊಟ್ಟಿದ್ದೇನೆ, ಹೊರಗೆ ಬಿಸಿಲು ಕಾಣುತ್ತಿಲ್ಲವಾ, ನಿಮ್ಮ ಕ್ಯಾಪ್ಟನ್‌ಗೆ ಹಡಗು ನಡೆಸಲು ಬರುವುದಿಲ್ಲವಾ ಅಂತ. ಹಿಂದಿದ್ದವರು ಹೌದು ಹೌದು ಅನ್ನುತ್ತಿದ್ದರು. ಕೌಂಟರ್ ಹಿಂದೆ ಇದ್ದ ಹುಡುಗಿಗೆ ಇಪ್ಪತ್ತೈದು ಇರಬಹುದು. ಕ್ಷಮಿಸಿ ಸರ್, ಕ್ಷಮಿಸಿ ಸರ್ ಅಂತ ಹೇಳುತ್ತಲೇ ಇದ್ದಳು. ನಾನು ಪಕ್ಕದ ಕಂಬ ಹಿಡಿದುಕೊಂಡು ನಿಂತಿದ್ದೆ, ಅಲ್ಲಿಂದ ಕೌಂಟರ್‌ನ ಒಳಬದಿ ಕಾಣುತ್ತಿತ್ತು. ಅವಳ ಎಡಗೈ ಕೆಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಬಕೆಟ್ ಹಿಡಿದಿತ್ತು. ತುಟಿ ಬಿಳಿಚಿತ್ತು, ಹಣೆ ಮೇಲೆ ಬೆವರು. ಒಮ್ಮೆ "ಒಂದು ನಿಮಿಷ" ಅಂದು ತಲೆ ತಗ್ಗಿಸಿದಳು, ಬಾಯಿ ಒರೆಸಿಕೊಂಡು ಎದ್ದಳು. ಮತ್ತೆ ಕ್ಷಮಿಸಿ ಸರ್. ಅವನು ಕೂಗುವುದನ್ನು ನಿಲ್ಲಿಸಲಿಲ್ಲ.

ಅದಕ್ಕಿಂತ ಬೇಸರದ ಕೆಲಸ ಆಮೇಲೆ ನಡೆಯಿತು. ಎಷ್ಟೋ ಹಡಗುಗಳಲ್ಲಿ ದಿನಕ್ಕೆ ಇಷ್ಟು ಅಂತ ಟಿಪ್ಸ್ ನಮ್ಮ ಲೆಕ್ಕಕ್ಕೆ ತಾನಾಗಿಯೇ ಸೇರುತ್ತದೆ. ಬೇಡ ಅಂದರೆ ರಿಸೆಪ್ಶನ್‌ಗೆ ಹೋಗಿ ತೆಗೆಸಬಹುದು. ಬಂದರು ತಪ್ಪಿತು ಅನ್ನುವ ಸಿಟ್ಟಿಗೆ ಜನ ಸಾಲಾಗಿ ನಿಂತು ಅದನ್ನು ತೆಗೆಸಿದರು. ಆ ದುಡ್ಡು ಕ್ಯಾಪ್ಟನ್‌ಗೆ ಹೋಗುವುದಲ್ಲ, ಕಂಪನಿ ಮಾಲೀಕರಿಗೂ ಅಲ್ಲ. ಕ್ಯಾಬಿನ್ ಗುಡಿಸುವವರಿಗೆ, ಊಟ ಬಡಿಸುವವರಿಗೆ ಹೋಗುವ ದುಡ್ಡು. ರಾತ್ರಿ ಇವರ ವಾಂತಿ ಬಳಿದ ಹುಡುಗನ ದುಡ್ಡನ್ನು ಬೆಳಗ್ಗೆ ಇವರೇ ಕಿತ್ತುಕೊಂಡರು. ನನಗೆ ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ.

ಅವರ ದಿನ ಹೇಗಿರುತ್ತದೆ ಗೊತ್ತಾ? ಹಡಗಿನ ಕೆಲಸದವರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ನಿಯಮ ಪಾಲಿಸಿದರೂ ಉಳಿದ ಗಂಟೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಭಾನುವಾರ ಅನ್ನುವುದಿಲ್ಲ. ನಮ್ಮ ಹುಡುಗನದು ಎಂಟು ತಿಂಗಳ ಕಾಂಟ್ರಾಕ್ಟ್, ಐದನೇ ತಿಂಗಳು ನಡೆಯುತ್ತಿತ್ತು. ಲೆರ್ವಿಕ್‌ನಲ್ಲಿ ಅವನಿಗೆ ಎರಡು ಗಂಟೆ ಬಿಡುವು ಇತ್ತಂತೆ. ದಡದಲ್ಲಿ ಒಳ್ಳೆ ಸಿಗ್ನಲ್ ಸಿಗುತ್ತದೆ, ಅಮ್ಮನಿಗೆ ವಿಡಿಯೋ ಕಾಲ್ ಮಾಡಬೇಕು ಅಂದುಕೊಂಡಿದ್ದ. ಬಂದರು ತಪ್ಪಿದ್ದು ಅವನಿಗೂ ತಪ್ಪಿತು. ಅದನ್ನು ಯಾರೂ ಕೇಳಲಿಲ್ಲ.

ಕ್ಯಾಪ್ಟನ್ ಆಗುವುದಿಲ್ಲ ಅಂದಾಗ ಜನ ಯಾಕೆ ಅಷ್ಟು ಸಿಟ್ಟಾಗುತ್ತಾರೆ ಅಂತ ಆ ಹುಡುಗನಿಗೇ ಅರ್ಥವಾಗುತ್ತಿರಲಿಲ್ಲ. ಅವನ ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅಂತಲೂ ಹೌದು, ಸಮುದ್ರ ಕೆರಳಿರುತ್ತದೆ ಅಂತಲೂ ಹೌದು. "ಎರಡು ತಿಂಗಳು ದುಡ್ಡಿಲ್ಲ ಅಕ್ಕ. ಆದ್ರೂ ಕಡಲು ಬೇಡ ಅಂದ್ರೆ ನಮ್ಮಲ್ಲಿ ಯಾರೂ ಜಗಳ ಮಾಡುದಿಲ್ಲ" ಅಂದ. ಅವರಿಗೆ ಅದು ಹೊಟ್ಟೆಪಾಡು. ನಮಗೆ ಒಂದು ದಿನದ ಸುತ್ತಾಟ.

ನಾರ್ವೆಯ ಉತ್ತರದ ಊರುಗಳಲ್ಲೂ ಹೀಗೇ. ಅಲ್ಲಿ ಹುರ್ಟಿಗ್ರೂಟೆನ್ ಅನ್ನುವ ಕರಾವಳಿ ಹಡಗು ಸೇವೆ 1893ರಿಂದ ಇದೆ. ಸಾಮಾನು, ಜನ ಎರಡನ್ನೂ ಹೊತ್ತುಕೊಂಡು ಬೆರ್ಗನ್‌ನಿಂದ ಕಿರ್ಕೆನೆಸ್‌ವರೆಗೆ ಚಳಿಗಾಲದ ಕತ್ತಲಲ್ಲೂ ಓಡುತ್ತದೆ. ಬೆರ್ಲೆವೋಗ್ ಥರ ತೆರೆದ ಸಮುದ್ರಕ್ಕೆ ಮುಖ ಮಾಡಿದ ಊರಿನಲ್ಲಿ ಹವೆ ಕೆಟ್ಟರೆ ನಿಲ್ಲದೆ ಮುಂದೆ ಹೋಗುತ್ತದೆ. ಅಲ್ಲಿಯವರು ಅದಕ್ಕೆ ಒಗ್ಗಿಕೊಂಡಿದ್ದಾರೆ.

ಸಮುದ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾವು ಹೋದ ದಾರಿಯಲ್ಲೇ ಉದಾಹರಣೆ ಇದೆ. 2019ರ ಮಾರ್ಚ್ 23ರಂದು ವೈಕಿಂಗ್ ಸ್ಕೈ ಅನ್ನುವ ಹಡಗು ಹುಸ್ಟಾಡ್‌ವಿಕಾದಲ್ಲಿ ಬಿರುಗಾಳಿಗೆ ಸಿಕ್ಕಿತು. ನೀರಿನಡಿ ಬಂಡೆಗಳೇ ತುಂಬಿದ ಜಾಗ ಅದು. ಒಳಗೆ 1,373 ಜನ. ಎಂಜಿನ್‌ಗಳು ಒಟ್ಟಿಗೆ ನಿಂತವು. ಹಡಗು ಬಂಡೆಗಳ ಕಡೆ ತೇಲಿಕೊಂಡು ಹೋಯಿತು. ಹೆಲಿಕಾಪ್ಟರ್‌ಗಳು ಬಂದು, ಆ ಗಾಳಿಯಲ್ಲಿ ಹಗ್ಗ ಇಳಿಸಿ, ಸುಮಾರು 480 ಜನರನ್ನು ಎತ್ತಿದವು. ಕೊನೆಗೆ ಎಂಜಿನ್ ಮತ್ತೆ ಶುರುವಾಗಿ ಮಾರನೇ ದಿನ ಹಡಗು ಮೊಲ್ಡೆ ಊರು ಸೇರಿತು. ಆಮೇಲೆ ತನಿಖೆಯಲ್ಲಿ ಗೊತ್ತಾಗಿದ್ದು, ಎಂಜಿನ್‌ಗೆ ಬೇಕಾದ ಲೂಬ್ರಿಕೇಶನ್ ಆಯಿಲ್ ಮಟ್ಟ ಕಡಿಮೆ ಇತ್ತು. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಫಿ ಲೋಟದಲ್ಲಿ ಒಂದು ಬೆರಳಷ್ಟು ಕಾಫಿ ಉಳಿಸಿ, ಲೋಟ ವಾಲಿಸಿ ತೋರಿಸಿದರು. ಕಾಫಿ ಒಂದು ಬದಿಗೆ ಸರಿಯಿತು, ಇನ್ನೊಂದು ಬದಿಯ ತಳ ಖಾಲಿ. "ಪಂಪು ಈ ಕಡೆ ಇದ್ರೆ ಏನು ಎಳ್ಕೊಳುತ್ತೆ? ಗಾಳಿ" ಅಂದರು. ಶಾಂತ ಸಮುದ್ರದಲ್ಲಿ ಆ ಕೊರತೆ ಯಾರಿಗೂ ಗೊತ್ತಾಗದೇ ಹೋಗಬಹುದಿತ್ತು. ಹಡಗು ವಾಲಿದಾಗಲೇ ಅದು ಹೊರಗೆ ಬಂದಿದ್ದು.

ಅದಕ್ಕೇ ಹೇಳುತ್ತಿದ್ದೇನೆ, ಕ್ಯಾಪ್ಟನ್ ಮನಸ್ಸಿನಲ್ಲಿ ಕೂಗುವ ಪ್ರಯಾಣಿಕರ ಭಯ ಇರಬಾರದು. ಇಂಥ ಗಲಾಟೆ ಪ್ರತಿ ಸಲ ಆದರೆ, ದೂರುಗಳು ಕಂಪನಿಗೆ ಹೋಗುತ್ತಲೇ ಇದ್ದರೆ, ಒಂದಲ್ಲ ಒಂದು ದಿನ ಯಾರೋ ಒಬ್ಬರು "ಆಗಲಿ, ಇಳಿಸೋಣ" ಅನ್ನಬಹುದು. ಆ ದಿನ ದೋಣಿ ಮೆಟ್ಟಿಲ ಮೇಲೆ ನಮ್ಮಪ್ಪನಂಥವರು ಇರುತ್ತಾರೆ. ಟಿಕೆಟ್ ಮಾರುವವರ ಮೇಲೂ ನನಗೆ ಬೇಸರ ಇದೆ. ಜಾಹೀರಾತಿನಲ್ಲಿ ಕನ್ನಡಿಯಂಥ ನೀರು ಮಾತ್ರ ತೋರಿಸುತ್ತಾರೆ. ಸೆಪ್ಟೆಂಬರ್ ಆದ ಮೇಲೆ ಬಂದರು ತಪ್ಪುವುದು ಮಾಮೂಲು ಅಂತ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಸಣ್ಣ ಅಕ್ಷರದ ಷರತ್ತುಗಳಲ್ಲಿ ಅದನ್ನು ಯಾರು ಓದುತ್ತಾರೆ?

ನೀವು ಹೋಗುವುದಾದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ, ಅಲ್ಲಿ ಅಲ್ಲಾಟ ಕಡಿಮೆ. ಮಾತ್ರೆಯನ್ನು ವಾಂತಿ ಶುರುವಾಗುವ ಮೊದಲೇ ತಗೊಳ್ಳಿ, ಡಾಕ್ಟರ್ ಹತ್ತಿರ ಕೇಳಿಕೊಂಡು. ಬಂದರು ತಪ್ಪಿದರೆ ರಿಸೆಪ್ಶನ್‌ಗೆ ಹೋಗಬೇಡಿ. ಹೋದರೂ ಆ ಹುಡುಗಿಗೆ ನೀರು ಬೇಕಾ ಅಂತ ಕೇಳಿ.

ಅಪ್ಪ ಅದನ್ನೇ ಮಾಡಿದರು. ಸಾಲು ಕರಗಿದ ಮೇಲೆ ಕಂಬಿ ಹಿಡಿದುಕೊಂಡು ನಿಧಾನವಾಗಿ ಹೋಗಿ, ಮಲ್ಪೆ ಹುಡುಗ ಕೊಟ್ಟಿದ್ದ ಎರಡು ಸೇಬಿನಲ್ಲಿ ಒಂದನ್ನು ಕೌಂಟರ್ ಮೇಲೆ ಇಟ್ಟು ಬಂದರು. ಇಂಗ್ಲಿಷಿನಲ್ಲಿ ಏನು ಹೇಳಬೇಕು ಅಂತ ಗೊತ್ತಾಗದೆ ಸುಮ್ನೆ ಇಟ್ಟರಂತೆ.

ಅಪ್ಪ ಮುಂದಿನ ವಾರ ಊರಿಗೆ ಹೊರಡುತ್ತಾರೆ. ದೀಪಾವಳಿ ಆದ ಮೇಲೆ ಉಡುಪಿಗೆ ಹೋಗುವುದಿದೆ. ಮಲ್ಪೆ ಬಂದರಿನಲ್ಲಿ ಆ ಹುಡುಗನ ಅಪ್ಪನನ್ನು ಹುಡುಕಿ, ಮಗ ಚೆನ್ನಾಗಿದ್ದಾನೆ ಅಂತ ಹೇಳಿ ಬರುತ್ತಾರಂತೆ. ಬೋಟಿನ ಎಂಜಿನ್ ಕೂಡ ನೋಡಬೇಕಂತೆ.