ವೈಫೈ ಬೇಕೇ? ಮೊದಲು ಇಂಟರ್ನೆಟ್ ತನ್ನಿ!

ಸಾಕು ಮಾರಾಯ್ರೇ! ವಿಂಡೋಸ್ ಬದಲು ಹಾಕುವ ಹೊಸ ಲಿನಕ್ಸ್ ಬಂತು, ಹಳೇ ಲ್ಯಾಪ್‌ಟಾಪಿಗೆ ಮರುಜನ್ಮ ಅಂತ ಎಲ್ಲ ಕಡೆ ಡಂಗುರ. ಉಬುಂಟು ಅನ್ನೋ ಲಿನಕ್ಸಿನ 24.04 ಆವೃತ್ತಿ ಹಾಕಲು ಬೇಕಾದ ಐಎಸ್‌ಓ ಫೈಲೇ ಹತ್ತಿರಹತ್ತಿರ 6 ಜಿಬಿ. ಶಿರಸಿಯ ಮಳೆಗಾಲದಲ್ಲಿ ಅದು ಇಳಿಯುವುದು ಯಾವ ಕಾಲಕ್ಕೆ? ಇವತ್ತು 97%ಕ್ಕೆ ಬಂದಾಗ ಎಲ್ಲೋ ಒಂದು ಮರ ತಂತಿ ಮೇಲೆ ಬಿತ್ತು. ಕರೆಂಟು ಬಂದ ಮೇಲೆ ಡೌನ್‌ಲೋಡ್ ಮತ್ತೆ ಸೊನ್ನೆಯಿಂದ!

ಇಳಿಯಿತು ಅಂತಲೇ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ಗೆ ಬರೆದು, ಇನ್‌ಸ್ಟಾಲ್ ಮಾಡಿದರೆ ವೈಫೈ ಗುರುತೇ ಇಲ್ಲ. ವೈಫೈ ಚಿಪ್ಪನ್ನು ಓಡಿಸುವ ತಂತ್ರಾಂಶ, ಅಂದರೆ ಡ್ರೈವರ್ ಬೇಕು. ಡ್ರೈವರ್ ಎಲ್ಲಿದೆ? ಇಂಟರ್ನೆಟ್ಟಿನಲ್ಲಿ! ಫೋನಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ ಟೆದರಿಂಗ್ ಮಾಡಿ ಅದರ ಇಂಟರ್ನೆಟ್ ಎಳೆಯೋಣವೆಂದರೆ ಅಂಗಳದ ತುಳಸಿಕಟ್ಟೆ ಹತ್ತಿರ ಮಾತ್ರ ಸಿಗ್ನಲ್. ಕೊಡೆ ಹಿಡಿದು 'ಸುಡೋ ಆಪ್ಟ್' ಅನ್ನೋ ಇನ್‌ಸ್ಟಾಲ್ ಆಜ್ಞೆ ಬಡಿಯಬೇಕೇ?

ಅದರ ಮೇಲೆ, ನಂಬಿಕೆಯ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ದೊರೆಯ ದರ್ಬಾರು. ಪಾಸ್‌ವರ್ಡ್ ಇಡು, ರೀಬೂಟ್ ಮಾಡು. ನೀಲಿ ಪರದೆ ಬಂದು ಹತ್ತು ಎಣಿಸುತ್ತದೆ. ಅಷ್ಟರಲ್ಲಿ ಕೀ ಒತ್ತಿ 'ಎನ್‌ರೋಲ್ ಎಂಓಕೆ' (ಡ್ರೈವರಿನ ಸಹಿಯ ಕೀಲಿಯನ್ನು ನಂಬು ಅನ್ನೋ ಆಯ್ಕೆ) ಆರಿಸದಿದ್ದರೆ ಡ್ರೈವರ್ ಇದ್ದೂ ಇಲ್ಲ. ಚಹಾ ಲೋಟ ಕೆಳಗಿಡುವಷ್ಟರಲ್ಲಿ ಹತ್ತು ಸೆಕೆಂಡು ಮುಗಿದಿರುತ್ತದೆ, ಬಿಡಿ.

ಇನ್ನು ನಿದ್ದೆಯ ಕಥೆ! ಎಸ್2ಐಡಲ್ ಅನ್ನೋ ಸ್ಲೀಪ್ ವಿಧಾನವಂತೆ. ಮುಚ್ಚಳ ಹಾಕಿದರೂ ಒಳಗೆ ಅರೆಎಚ್ಚರ. ಶಿರಸಿಯಲ್ಲಿ ಚೀಲಕ್ಕೆ ಹಾಕಿದ ಲ್ಯಾಪ್‌ಟಾಪು ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಾಗ ದೋಸೆ ಕಾವಲಿ. ಕಾರವಾರದಲ್ಲಿ ತೆಗೆದರೆ ಬ್ಯಾಟರಿ ಖಾಲಿ.

ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಕನ್ನಡ ಟೈಪ್ ಮಾಡಬೇಕೆಂದರೆ ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ತಂತ್ರಾಂಶ ಬೇರೆ ಹಾಕಬೇಕು. ಅದೂ ಇಂಟರ್ನೆಟ್ಟಿನಲ್ಲೇ. ಕೊಡೆ ಎಲ್ಲಿಟ್ಟೆ?