ಗನ್ ಕೊಳ್ಳುವ ಮುಂಚೆ ಪೈಪು ನೋಡಿ

ಕಡಿಮೆ ಬೆಲೆಯ ಇಂಪ್ಯಾಕ್ಟ್ ಗನ್, ಅಂದರೆ ಗಾಳಿಯ ಒತ್ತಡದಿಂದ ಗಾಲಿಯ ನಟ್ಟು ತಿರುಗಿಸುವ ಯಂತ್ರ, ದಿನದ ಕೆಲಸಕ್ಕೆ ತಾಳುತ್ತದೆಯೇ ಎಂದು ಈ ತಿಂಗಳಲ್ಲೇ ಮೂವರು ಕೇಳಿದರು. ಮೂವರೂ ಹೊಸದಾಗಿ ಪಂಕ್ಚರ್ ಅಂಗಡಿ ಹಾಕಿದ ಹುಡುಗರು. ಒಬ್ಬ ಶಿಗ್ಗಾವಿಯವನು, ಇಬ್ಬರು ರಾಣೆಬೆನ್ನೂರಿನವರು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬದಿಯಲ್ಲಿ ನನ್ನ ಅಂಗಡಿ. ದಿನಕ್ಕೆ ಹದಿನೈದು ಇಪ್ಪತ್ತು ಗಾಲಿ ಬಿಚ್ಚುತ್ತೇನೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಲೆಕ್ಕ ಇಡಲು ಪುರುಸೊತ್ತಿರುವುದಿಲ್ಲ. ಸಾಕೆಟ್ ಸಿಕ್ಕಿಸುವ ತುದಿ ಅರ್ಧ ಇಂಚಿನದಾದ ಮೊದಲ ಗನ್ನನ್ನು 4,500 ರೂಪಾಯಿ ಕೊಟ್ಟು ತಂದಿದ್ದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 800 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಎಂದಿತ್ತು. ಮರುದಿನ ಹಳೆಯ ಬೊಲೆರೋ ಒಂದರ ನಟ್ಟಿಗೆ ಹಿಡಿದರೆ ಗರಗರ ಬಡಿಯಿತೇ ಹೊರತು ನಟ್ಟು ಮಿಸುಕಲಿಲ್ಲ. ಕೊನೆಗೆ ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಬಿಚ್ಚಿದೆ. ಸಿಟ್ಟಿನಲ್ಲಿ ಗನ್ನನ್ನು ಮರಳಿ ಡಬ್ಬಿಗೆ ಹಾಕಿಟ್ಟೆ.

ತಪ್ಪು ಗನ್ನಿನದಾಗಿರಲಿಲ್ಲ. ಸಂಜೆ ಅದಕ್ಕೆ ಗಾಳಿ ಹೋಗುವ ಬಾಯಿಗೇ, ಒತ್ತಡ ತೋರಿಸುವ ಒಂದು ಗೇಜ್ ಕೂರಿಸಿ ಟ್ರಿಗರ್ ಒತ್ತಿದೆ. ಒತ್ತುವ ಮುನ್ನ 120 ಪಿಎಸ್‌ಐ ತೋರಿಸುತ್ತಿದ್ದ ಮುಳ್ಳು, ಒತ್ತಿದ ಕೂಡಲೇ 55ಕ್ಕೆ ಕುಸಿಯಿತು. ಕಂಪ್ರೆಸರ್ ಟ್ಯಾಂಕಿನ ಮುಳ್ಳು ಇದ್ದಲ್ಲೇ ಇತ್ತು, ಅಂದರೆ ಒತ್ತಡ ಕಳೆಯುತ್ತಿದ್ದದ್ದು ನಡುವಿನ ಪೈಪಿನಲ್ಲಿ. ಗನ್ ಓಡುವಾಗ ಬಾಯಿಯಲ್ಲಿ 90 ಇದ್ದರೆ ಮಾತ್ರ ಅದಕ್ಕೆ ಪೂರ್ತಿ ಬಲ. ಗಾಳಿ ತುಂಬಲು ಇಟ್ಟುಕೊಂಡಿದ್ದ ಆರು ಮಿಲಿಮೀಟರ್ ಒಳವ್ಯಾಸದ, ಹದಿನೈದು ಮೀಟರ್ ಉದ್ದದ ಪೈಪನ್ನೇ ನಾನು ಇದಕ್ಕೂ ಸಿಕ್ಕಿಸಿದ್ದೆ. ಹತ್ತು ಮಿಲಿಮೀಟರಿನ ಎಂಟು ಮೀಟರ್ ಪೈಪು ತಂದು, ಪೈಪು ಜೋಡಿಸುವ ಕಿರಿದಾದ ಕಪ್ಲರ್ ಬದಲಿಸಿದೆ. ಅದೇ ಗನ್ ಈಗ ತುಕ್ಕು ಹಿಡಿದ ನಟ್ಟನ್ನೂ ಕ್ಷಣದಲ್ಲಿ ಬಿಡಿಸುತ್ತದೆ. ಮೂರು ವರ್ಷವಾಯಿತು, ಇನ್ನೂ ಓಡುತ್ತಿದೆ.

ಆದ್ದರಿಂದ ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬೇಡಿ. ಅದು ಸಾಮಾನ್ಯವಾಗಿ ಬಿಚ್ಚುವ ದಿಕ್ಕಿನ ಗರಿಷ್ಠ ಬಲ. ಕಾರಿನ ನಟ್ಟು ಬಿಗಿಯಬೇಕಾದದ್ದೇ ಸುಮಾರು 100 ನ್ಯೂಟನ್ ಮೀಟರ್. ತುಕ್ಕು ಹಿಡಿದದ್ದು ಅದರ ಎರಡು ಮೂರು ಪಟ್ಟು ಕೇಳಬಹುದು. ಲಾರಿಯ ಮಾತೇ ಬೇರೆ, ಅದಕ್ಕೆ ಒಂದು ಇಂಚಿನ ಗನ್ ಬೇಕು. ನಾನಾದರೆ ಒಳಗೆ ಬಡಿಯುವ ಸುತ್ತಿಗೆ ಎರಡಿರುವ, ಕೈಗೆ ಹಗುರಾದ, ಗಾಳಿಗೆ ತಿರುಗುವ ತೆಳು ಪಟ್ಟಿಗಳಾದ ವೇನ್‌ಗಳು ಹುಬ್ಬಳ್ಳಿಯಲ್ಲಿ ಬಿಡಿಯಾಗಿ ಸಿಗುವ ಗನ್ನನ್ನೇ ಕೊಳ್ಳುತ್ತೇನೆ. ಸವೆಯುವುದು ಆ ವೇನ್‌ಗಳೇ. ಅವು ಸಿಗದ ಗನ್ ಎಷ್ಟೇ ಅಗ್ಗವಿರಲಿ, ಕೆಟ್ಟ ದಿನ ಗುಜರಿಗೇ ಹೋಗುತ್ತದೆ. ಬೆಳಿಗ್ಗೆ ಗಾಳಿಯ ಬಾಯಿಗೆ ನಾಲ್ಕು ಹನಿ ಎಣ್ಣೆ ಬಿಡಿ, ಸಂಜೆ ಟ್ಯಾಂಕಿನ ನೀರು ಬಸಿಯಿರಿ. ನಮ್ಮ ಕಡೆಯ ಮಳೆಗಾಲದಲ್ಲಿ ಲೋಟಗಟ್ಟಲೆ ಬರುತ್ತದೆ. ಮಿರಮಿರ ಮಿಂಚುವ ಕ್ರೋಮ್ ಸಾಕೆಟ್ ಹಾಕಲೇಬೇಡಿ, ಏಟಿಗೆ ಸೀಳಿ ಚೂರು ಕಣ್ಣಿಗೆ ಹಾರೀತು. ಗನ್ನಿಗೆಂದೇ ಮಾಡಿದ ಕಪ್ಪು ಸಾಕೆಟ್ ತನ್ನಿ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಹೋದ ಮಳೆಗಾಲದ ಒಂದು ರಾತ್ರಿ ಒಬ್ಬರು ಮಗನ ಜೊತೆ ನೆನೆಯುತ್ತಾ ನಡೆದು ಬಂದರು. ಕಾರು ಒಂದು ಕಿಲೋಮೀಟರ್ ಹಿಂದೆ ನಿಂತಿತ್ತು, ಅದರಲ್ಲಿ ಹೆಂಡತಿ ಮತ್ತು ವಯಸ್ಸಾದ ತಾಯಿ. ಸ್ಟೆಪ್ನಿ ಇತ್ತು, ಜಾಕ್ ಇತ್ತು, ನಟ್ಟು ಮಾತ್ರ ಬಿಚ್ಚಲಾಗಲಿಲ್ಲ. ಹಿಂದೆ ಟೈರ್ ಹಾಕಿದವರು ಯಾರೋ ಗನ್ನಿನಿಂದಲೇ ಕೊನೆಯವರೆಗೆ ಬಿಗಿದುಬಿಟ್ಟಿದ್ದರು. ನಾನು ಹೋಗಿ ಉದ್ದನೆಯ ಪಾನಾ ಹಾಕಿ ತಿರುಗಿಸಿದಾಗ ನಟ್ಟು ಕೂರುವ ಒಂದು ಸ್ಟಡ್ ಕೈಗೇ ಮುರಿದು ಬಂತು. ಗನ್ ಬಿಚ್ಚುವುದಕ್ಕಿರಲಿ. ಹಾಕುವಾಗ ನಟ್ಟನ್ನು ಕೈಯಲ್ಲೇ ಹಿಡಿಸಿ, ಗನ್ನಿನಿಂದ ಹಗುರಾಗಿ ಕೂರಿಸಿ, ಗಾಲಿ ನೆಲಕ್ಕಿಳಿಸಿ, ಎದುರುಬದುರಾಗಿ, ಬೇಕಾದಷ್ಟೇ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್‌ನಿಂದ ಮುಗಿಸಿ. ಗನ್ನಿನಲ್ಲಿ ಉಳಿಸಿದ ದುಡ್ಡು ಇದಕ್ಕೆ ಹೋಗಲಿ.

ಶಿಗ್ಗಾವಿಯ ಹುಡುಗ ಭಾನುವಾರ ತನ್ನ ಪೈಪು, ಗನ್ ಎರಡನ್ನೂ ತರುತ್ತೇನೆ ಎಂದಿದ್ದಾನೆ. ಗೇಜ್ ನನ್ನ ಬಳಿಯೇ ಇದೆ. ನೋಡಿಸಿಕೊಳ್ಳಬೇಕೆನ್ನುವವರು ಹನ್ನೊಂದರೊಳಗೆ ಬನ್ನಿ, ಆಮೇಲೆ ಗಿರಾಕಿಗಳ ಗದ್ದಲ.