ನಗುವವರನ್ನೂ ಮನೆಗೆ ಕಳಿಸಿ

ಕಳೆದ ವಾರ ಸೋಮವಾರಪೇಟೆ ಕಡೆ ನಾಲ್ಕು ದಿನ ಮಳೆ ಬಿಡಲೇ ಇಲ್ಲ. ತೋಟದ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಅಲ್ಲಿ ನೆಟ್‌ವರ್ಕ್ ನಂಬಿ ಏನೂ ನೋಡುವ ಹಾಗಿಲ್ಲ. ಅದಕ್ಕೇ ಪೇಟೆಯಲ್ಲೇ ಎರಡು ಹಾಸ್ಯ ಕಾರ್ಯಕ್ರಮ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ಎರಡೂ ಒಬ್ಬರೇ ಕಲಾವಿದರದ್ದು. ವಿಷಯವೂ ಹೆಚ್ಚು ಕಡಿಮೆ ಒಂದೇ. ಒಂದು ಸಭಾಂಗಣದಲ್ಲಿ ಜನರ ಮುಂದೆ ಮಾಡಿದ್ದು. ಇನ್ನೊಂದು ಸ್ಟುಡಿಯೊದಲ್ಲಿ, ಹಿಂದೆ ನೀಲಿ ಪರದೆ ಕಟ್ಟಿ, ಚೆಂದದ ಲೈಟು ಹಾಕಿ ಮಾಡಿದ್ದು.

ಮೊದಲು ಸ್ಟುಡಿಯೊದ್ದು ಹಾಕಿದೆ. ಅಮ್ಮ ಮಣೆ ಹಾಕಿಕೊಂಡು ಕಣಿಲೆ, ಅಂದರೆ ಎಳೆ ಬಿದಿರು, ಹೆಚ್ಚುತ್ತಾ ಕೂತಿದ್ದರು. ಅರ್ಧ ಗಂಟೆ ಆ ಕಲಾವಿದರು ಮಾತಾಡಿದರು. ಅಮ್ಮನ ಕತ್ತಿ ಒಂದು ಸಲವೂ ನಿಲ್ಲಲಿಲ್ಲ. ಟಕ ಟಕ ಅಂತ ಕಣಿಲೆ ಬೀಳುತ್ತಲೇ ಇತ್ತು. ನಗಲಿಲ್ಲ ಅಂತಲ್ಲ, ಎರಡು ಕಡೆ ಮುಗುಳ್ನಕ್ಕರು. ಅಷ್ಟೇ.

ಆಮೇಲೆ ಸಭಾಂಗಣದ್ದು ಹಾಕಿದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಕತ್ತಿ ನಿಂತಿತು. ಕಲಾವಿದರು ಒಂದು ಮಾತು ಅರ್ಧ ಹೇಳಿ ಸುಮ್ಮನೆ ನಿಂತಿದ್ದರು. ಜನ ಆಗಲೇ ಕಿಸಕ್ಕನೆ ನಗಲು ಶುರು ಮಾಡಿದ್ದರು. ಅಮ್ಮನೂ ಕತ್ತಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ಟಿವಿ ನೋಡುತ್ತಿದ್ದರು. ಉಳಿದರ್ಧ ಬಂತು. ಸಭೆ ಎದ್ದು ನಕ್ಕಿತು. ಅಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅರ್ಧ ಗಂಟೆ ಮುಂಚೆ ಅದೇ ಮಾತನ್ನು ಅದೇ ಬಾಯಿಂದ ಕೇಳಿದ್ದರು!

ಯಾಕಮ್ಮ ಅಂತ ಕೇಳಿದೆ. "ಇದ್ರಲ್ಲಿ ಜನ ಇದಾರೆ ಕಣೋ ಮಗ. ಅದ್ರಲ್ಲಿ ಪಾಪ, ಒಬ್ರೇ ನಿಂತ್ಕೊಂಡು ಮಾತಾಡ್ತಿದ್ರು" ಅಂದರು.

ನಾನು ಇಪ್ಪತ್ತು ವರ್ಷದಿಂದ ಮದುವೆ, ಸಭೆ ಸಮಾರಂಭಗಳ ವಿಡಿಯೊ ಮಾಡುತ್ತಿದ್ದೇನೆ. ಈ ಮಾತನ್ನು ಬರೆಯಲೇಬೇಕು ಅಂತ ಆವತ್ತೇ ಅನ್ನಿಸಿತು. ಮನೆಯಲ್ಲಿ ಕೂತು ನೋಡುವವರಿಗೆ ಜನರ ಮುಂದೆ ಮಾಡಿದ ಹಾಸ್ಯವೇ ಬೇಕು. ಅದೂ ನಗುವವರ ಸಮೇತ ಬೇಕು. ಸ್ಟುಡಿಯೊದಲ್ಲಿ ತೊಳೆದು ಒರೆಸಿ ಕೊಡುವ ಹಾಸ್ಯದಲ್ಲಿ ಅರ್ಧ ಜೀವ ಇರುವುದಿಲ್ಲ.

ಸಭೆಯಲ್ಲಿ ಮುಕ್ಕಾಲು ಗಂಟೆ ಹಿಡಿದ ವಿಷಯ ಸ್ಟುಡಿಯೊದಲ್ಲಿ ಅರ್ಧ ಗಂಟೆಗೆ ಮುಗಿದಿತ್ತು. ಉಳಿದ ಕಾಲು ಗಂಟೆ ಎಲ್ಲಿ ಹೋಯಿತು? ಅದು ಜನ ನಕ್ಕ ಹೊತ್ತು. ಕಲಾವಿದರು ಕಾದ ಹೊತ್ತು. ನಗು ಏರುವಾಗ ಸುಮ್ಮನಿರಬೇಕು. ಪೂರ್ತಿ ಇಳಿಯುವುದಕ್ಕೆ ಸ್ವಲ್ಪ ಮುಂಚೆ ಮುಂದಿನ ಮಾತು ಎತ್ತಿಕೊಳ್ಳಬೇಕು. ಬೇಗ ಎತ್ತಿದರೆ ಮಾತು ನಗುವಿನಲ್ಲಿ ಮುಳುಗುತ್ತದೆ. ತಡವಾದರೆ ಸಭೆ ತಣ್ಣಗಾಗುತ್ತದೆ. ಈ ಲೆಕ್ಕವನ್ನು ಮನೆಯಲ್ಲಿ ಕೂತು ಬರೆಯಲು ಆಗುವುದಿಲ್ಲ. ಎದುರಿಗೆ ಕೂತ ಜನವೇ ಅದನ್ನು ಹೇಳಿಕೊಡಬೇಕು. ಸ್ಟುಡಿಯೊದಲ್ಲಿ ಕ್ಯಾಮೆರಾದ ಗಾಜು ಏನು ಹೇಳುತ್ತದೆ? ಎಂಥ ದೊಡ್ಡ ಕಲಾವಿದರೂ ಅಲ್ಲಿ ಒಂದೋ ಓಡುತ್ತಾರೆ, ಇಲ್ಲ ಯಾರೂ ನಗದ ಜಾಗದಲ್ಲಿ ನಿಲ್ಲುತ್ತಾರೆ.

ನಗುವಿನ ಬಗ್ಗೆ ಅಧ್ಯಯನ ಮಾಡಿದ ರಾಬರ್ಟ್ ಪ್ರೊವಿನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಲೆಕ್ಕ ಕೊಟ್ಟಿದ್ದಾರೆ. ಟಿವಿ, ಪುಸ್ತಕದಂಥ ಜೊತೆಯೂ ಇಲ್ಲದೆ ಒಬ್ಬರೇ ಇರುವಾಗ ನಗುವುದಕ್ಕಿಂತ ಬೇರೆಯವರ ಜೊತೆ ಇರುವಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವಂತೆ. ಅಮ್ಮನಿಗೆ ಈ ಲೆಕ್ಕ ಗೊತ್ತಿಲ್ಲ. ಆದರೆ ಅವರು ಹೇಳಿದ್ದೂ ಅದನ್ನೇ ಅಲ್ವಾ?

ನಮ್ಮ ಮನೆಗೆ ಇದು ಹೊಸ ವಿಷಯವೂ ಅಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ ಮಾಸ್ಟರ್ ಹಿರಣ್ಣಯ್ಯನವರ ಲಂಚಾವತಾರ ನಾಟಕದ ಕ್ಯಾಸೆಟ್ ತಂದಿದ್ದರು. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ನಾಲ್ಕು ದಿನ ಬರುತ್ತಿರಲಿಲ್ಲ. ಟೇಪ್ ರೆಕಾರ್ಡರಿಗೆ ಬ್ಯಾಟರಿ ಹಾಕಿ, ಒಲೆ ಮುಂದೆ ಎಲ್ಲರೂ ಕೂತು ಕೇಳುತ್ತಿದ್ದೆವು. ಆ ಕ್ಯಾಸೆಟ್ಟಿನಲ್ಲಿ ನಾಟಕದ ಜೊತೆ ಅದನ್ನು ನೋಡಲು ಬಂದವರೂ ಇದ್ದರು. ಚಪ್ಪಾಳೆ, ಶಿಳ್ಳೆ, ಕೆಮ್ಮು, ಎಲ್ಲೋ ಅಳುವ ಮಗು, ಎಲ್ಲವೂ ಇತ್ತು. ಮುಂದಿನ ಸಾಲಲ್ಲಿ ಒಬ್ಬರು ಇದ್ದರು ಅಂತ ಕಾಣುತ್ತದೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವರೊಬ್ಬರೇ "ಹ್ಹೆ ಹ್ಹೆ ಹ್ಹೇ" ಅಂತ ನಗುತ್ತಿದ್ದರು. ನಾವು ಅವರಿಗೆ ಲೇಟ್ ಮಾಮ ಅಂತ ಹೆಸರಿಟ್ಟಿದ್ದೆವು. ಮಾತು ನಮಗೆಲ್ಲ ಬಾಯಿಪಾಠ ಆಗಿತ್ತು. ಆದರೂ ಲೇಟ್ ಮಾಮನ ನಗುವಿಗೆ ಕಾದು, ಅದು ಬಂದ ಮೇಲೆ ಮನೆಯವರೆಲ್ಲ ಇನ್ನೊಂದು ಸುತ್ತು ನಗುತ್ತಿದ್ದೆವು.

ಆ ನಾಟಕವನ್ನು ಹತ್ತು ಸಾವಿರಕ್ಕೂ ಹೆಚ್ಚು ಸಲ ಆಡಿದ್ದಾರೆ ಅಂತಾರೆ. ಆದರೆ ಪ್ರತಿ ಸಲ ಅದೇ ನಾಟಕ ಅಲ್ಲ. ಆ ದಿನದ ಪೇಪರಿನಲ್ಲಿ ಬಂದ ಸುದ್ದಿ, ಆ ಊರಿನ ರಸ್ತೆ, ಮುಂದೆ ಕೂತ ಮಂತ್ರಿ, ಯಾವುದನ್ನೂ ಹಿರಣ್ಣಯ್ಯನವರು ಬಿಡುತ್ತಿರಲಿಲ್ಲ. ಜನ ಎಲ್ಲಿ ನಗುತ್ತಾರೋ ಅಲ್ಲಿ ಮಾತು ಬೆಳೆಸುತ್ತಿದ್ದರು. ಇಂಥದ್ದನ್ನು ಖಾಲಿ ಕೋಣೆಯಲ್ಲಿ ಮೈಕ್ ಮುಂದೆ ನಿಲ್ಲಿಸಿ ರೆಕಾರ್ಡ್ ಮಾಡಿದ್ದರೆ ಏನು ಉಳಿಯುತ್ತಿತ್ತು? 2019ರಲ್ಲಿ ಅವರು ತೀರಿಕೊಂಡರು. ಆ ರಂಗದ ಮೇಲಿನ ಹಿರಣ್ಣಯ್ಯ ಈಗ ಸಿಗುವುದು ಜನರ ಗಲಾಟೆ ಸಮೇತ ಉಳಿದ ಆ ರೆಕಾರ್ಡಿಂಗ್‌ಗಳಲ್ಲಿ. ಅವರ ತಂದೆ ಕೆ. ಹಿರಣ್ಣಯ್ಯನವರು 1953ರಲ್ಲಿ ಕೊನೆಯುಸಿರು ಎಳೆದದ್ದು ನಮ್ಮ ಮಡಿಕೇರಿಯಲ್ಲಿ. ಆ ದೊಡ್ಡ ನಟರ ಒಂದು ರಾತ್ರಿಯ ನಾಟಕವಾದರೂ ಹೀಗೆ ಉಳಿದಿದ್ದರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ತಾಲೂಕಿನ ಒಂದು ಹಾಲ್‌ನಲ್ಲಿ ಹಾಸ್ಯ ಸಂಜೆ ಇತ್ತು. ವಿಡಿಯೊ ನನ್ನದು. ಸೌಂಡ್ ಸ್ವಚ್ಛ ಇರಲಿ ಅಂತ, ಮೈಕುಗಳ ಶಬ್ದ ಸೇರಿಸುವ ಮಿಕ್ಸರಿನಿಂದ ನೇರವಾಗಿ ವಯರ್ ಎಳೆದು ಕ್ಯಾಮೆರಾಗೆ ಕೊಟ್ಟೆ. ಕಾರ್ಯಕ್ರಮ ಅದ್ಭುತವಾಗಿತ್ತು. ಜನ ಕುರ್ಚಿ ಮೇಲೆ ನಿಲ್ಲಲಿಲ್ಲ, ಕೂರಲಿಲ್ಲ, ಹಾಗೆ ನಕ್ಕರು. ಮನೆಗೆ ಬಂದು ಕೇಳುತ್ತೇನೆ, ಒಬ್ಬರ ನಗುವೂ ಇಲ್ಲ! ಮಿಕ್ಸರಿಗೆ ಬರುವುದು ವೇದಿಕೆಯ ಮೈಕಿನ ಶಬ್ದ ಮಾತ್ರ. ಕಲಾವಿದರು ಒಂದು ಮಾತು ಹೇಳಿ ನಿಲ್ಲುತ್ತಾರೆ. ಮೌನ. ಇನ್ನೊಂದು ಹೇಳುತ್ತಾರೆ. ಮತ್ತೆ ಮೌನ. ನೋಡಿದವರು "ಪಾಪ, ಆವತ್ತು ಜನಕ್ಕೆ ಹಿಡಿಸಲಿಲ್ಲ ಅಂತ ಕಾಣುತ್ತೆ" ಅಂದರು. ಒಳ್ಳೆಯ ಕಲಾವಿದರೊಬ್ಬರ ಒಳ್ಳೆಯ ಸಂಜೆಯನ್ನು ನಾನು ಸೋತ ಸಂಜೆ ಮಾಡಿಬಿಟ್ಟಿದ್ದೆ. ಆ ಬೇಜಾರು ಇವತ್ತಿಗೂ ಹೋಗಿಲ್ಲ.

ಅಲ್ಲಿಂದ ಮುಂದೆ ಜನರಿಗೇ ಅಂತ ಬೇರೆ ಎರಡು ಮೈಕ್ ಇಡುತ್ತೇನೆ. ವೇದಿಕೆಯ ಎರಡು ತುದಿಯಲ್ಲಿ, ಸ್ಪೀಕರಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ. ಹಾಲಿನ ಹಿಂದೆ ಇಟ್ಟರೆ ಬೇರೆ ತೊಂದರೆ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 17 ಮೀಟರ್ ಹಿಂದೆ ಇಟ್ಟ ಮೈಕಿಗೆ ಸ್ಪೀಕರಿನ ಮಾತು ಮುಟ್ಟಲು ಸೆಕೆಂಡಿನ 20ನೇ ಒಂದು ಭಾಗ ಬೇಕು. ಅದನ್ನು ಮಿಕ್ಸರಿನ ಶಬ್ದದ ಜೊತೆ ಹಾಗೇ ಸೇರಿಸಿದರೆ ಮಾತು ಎರಡೆರಡು ಸಲ ಕೇಳಿಸಿದ ಹಾಗೆ ಆಗುತ್ತದೆ. ಜನರ ಮೈಕನ್ನು ಬೇರೆ ಟ್ರ್ಯಾಕಿನಲ್ಲಿ ಇಟ್ಟುಕೊಂಡರೆ ಮನೆಗೆ ಬಂದು ಎಷ್ಟು ಬೇಕೋ ಅಷ್ಟು ಸೇರಿಸಬಹುದು.

ಮೊಬೈಲಿನಲ್ಲಿ ತೆಗೆಯುವವರಿಗೂ ಒಂದು ಮಾತು. ಜನ ಜೋರಾಗಿ ನಕ್ಕ ತಕ್ಷಣ ಎಷ್ಟೋ ಫೋನ್‌ಗಳು ತಾವೇ ಸೌಂಡ್ ಇಳಿಸಿಕೊಳ್ಳುತ್ತವೆ. ಮತ್ತೆ ಏರಿಸಲು ಸ್ವಲ್ಪ ಹೊತ್ತು ತಗೊಳ್ಳುತ್ತವೆ. ಅಷ್ಟರಲ್ಲಿ ಮುಂದಿನ ಮಾತಿನ ಮೊದಲ ನಾಲ್ಕು ಪದ ಹೋಗಿರುತ್ತದೆ. ಹಾಸ್ಯದಲ್ಲಿ ಆ ನಾಲ್ಕು ಪದ ಹೋದರೆ ಉಳಿದದ್ದು ಇದ್ದೂ ಉಪಯೋಗ ಇಲ್ಲ. ಸೌಂಡನ್ನು ಕೈಯಲ್ಲೇ ಒಂದು ಮಟ್ಟಕ್ಕೆ ನಿಲ್ಲಿಸುವ ಆ್ಯಪ್‌ಗಳಿವೆ. ಅದನ್ನು ಬಳಸಿ.

ಸ್ಟುಡಿಯೊದಲ್ಲಿ ಮಾಡಿ ಆಮೇಲೆ ನಗು ಸೇರಿಸಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಅದು ಹಳೆಯ ಉಪಾಯ. 1950ರ ದಶಕದಲ್ಲೇ ಅಮೆರಿಕದಲ್ಲಿ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಇದಕ್ಕೆ ಅಂತಲೇ ಒಂದು ಪೆಟ್ಟಿಗೆ ಮಾಡಿದ್ದರು. ಟೈಪ್‌ರೈಟರಿನ ಹಾಗೆ ಕೀಲಿ. ಒಂದು ಒತ್ತಿದರೆ ಸಣ್ಣ ನಗು, ಇನ್ನೊಂದು ಒತ್ತಿದರೆ ದೊಡ್ಡ ನಗು. ನಮ್ಮ ಟಿವಿ ಹಾಸ್ಯದಲ್ಲಿ ಈಗಲೂ ಕೇಳುವುದು ಆ ಪೆಟ್ಟಿಗೆಯ ಮೊಮ್ಮಕ್ಕಳನ್ನೇ. ಕಿವಿಗೆ ಗೊತ್ತಾಗುತ್ತದೆ. ನಿಜವಾದ ಸಭೆಯ ನಗು ಒಂದು ಮೂಲೆಯಲ್ಲಿ ಹುಟ್ಟಿ ಹಬ್ಬುತ್ತದೆ. ಪೆಟ್ಟಿಗೆಯ ನಗು ಒಂದೇ ಸಲ ಬಂದು ಒಂದೇ ಸಲ ಹೋಗುತ್ತದೆ. 2020ರಲ್ಲಿ ಐಪಿಎಲ್ ಖಾಲಿ ಮೈದಾನದಲ್ಲಿ ನಡೆದಾಗ ಟಿವಿಯಲ್ಲಿ ಜನರ ಕೂಗು ಸೇರಿಸಿದ್ದರು, ನೆನಪಿದೆಯಾ? ಸಿಕ್ಸರ್ ಹೋದರೂ ಮೈ ಜುಮ್ ಅನ್ನುತ್ತಿರಲಿಲ್ಲ.

ಆ ವಿಷಯದಲ್ಲಿ ಮಿಸ್ಟರ್ ಬೀನ್ ಮಾಡಿದವರನ್ನು ಮೆಚ್ಚಬೇಕು. ಹೊರಗಡೆ ಶೂಟ್ ಮಾಡಿದ ಭಾಗಗಳನ್ನು ಜನರನ್ನು ಕೂರಿಸಿ ತೋರಿಸಿ, ಅವರು ನಕ್ಕಿದ್ದನ್ನೇ ರೆಕಾರ್ಡ್ ಮಾಡಿ ಹಾಕಿದರು. ಅಲ್ಲಿ ನಕ್ಕವರು ಆ ಹಾಸ್ಯವನ್ನು ನೋಡಿಯೇ ನಕ್ಕವರು.

ನಮ್ಮ ಕೊಡಗಿನ ಸಭೆಗಳ ನಗುವಿಗಂತೂ ಬೇರೆಯದೇ ನಡೆ ಇದೆ. ಮಡಿಕೇರಿ ದಸರಾದಲ್ಲಿ ಗಾಂಧಿ ಮೈದಾನದ ವೇದಿಕೆ ಮುಂದೆ ಸ್ವೆಟರ್ ಹಾಕಿಕೊಂಡು ಕೂತವರನ್ನು ನೋಡಿ. ಒಬ್ಬರ ಮನೆಮಾತು ಕೊಡವ ತಕ್ಕ್, ಪಕ್ಕದವರದ್ದು ಅರೆಭಾಷೆ, ಹಿಂದೆ ಮಲಯಾಳ, ಆಚೆ ತುಳು, ಬ್ಯಾರಿ. ನಾವು ಕನ್ನಡದವರೂ ಇದ್ದೇವೆ. ವೇದಿಕೆ ಮೇಲೆ ಉತ್ತರ ಕರ್ನಾಟಕದ ಕಲಾವಿದರೊಬ್ಬರು ತಮ್ಮ ಊರಿನ ಮಾತಲ್ಲಿ ಒಂದು ಬಿಟ್ಟರು ಅಂದುಕೊಳ್ಳಿ. ಮೊದಲು ಅರ್ಧ ಸಭೆ ನಗುತ್ತದೆ. ಪಕ್ಕದವರು "ಎಂಥ ಹೇಳಿದ್ದು?" ಅಂತ ಕೇಳುತ್ತಾರೆ. ಹೇಳಿದ ಮೇಲೆ ಇನ್ನರ್ಧ ನಗುತ್ತದೆ. ಎರಡು ಅಲೆ. ಹುಷಾರಿರುವ ಕಲಾವಿದರು ಎರಡನೇ ಸಲಕ್ಕೇ ಇದನ್ನು ಹಿಡಿದು, ಎರಡನೇ ಅಲೆಗೆ ಕಾಯಲು ಶುರು ಮಾಡುತ್ತಾರೆ. ಇದನ್ನು ನಾನು ಕ್ಯಾಮೆರಾ ಹಿಂದೆ ನಿಂತು ನೋಡಿದ್ದೇನೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಮಾಡಿದ ವಿಡಿಯೊದಲ್ಲಿ ಈ ಎರಡನೇ ಅಲೆಗೆ ಜಾಗ ಎಲ್ಲಿದೆ? ನಮ್ಮ ಊರಿನ ಅರ್ಧ ಜನ ಅದರಿಂದ ಹೊರಗೇ ಉಳಿಯುತ್ತಾರೆ.

ಒಂದು ಕಡೆ ಮಾತ್ರ ಸ್ಟುಡಿಯೊ ಬೇಕು ಅಂತ ಒಪ್ಪುತ್ತೇನೆ. ನಮ್ಮ ಚಿಕ್ಕಪ್ಪನಿಗೆ ಕಿವಿ ಮಂದ. ಮೆಷಿನ್ ಹಾಕುತ್ತಾರೆ. ಸಭೆಯ ರೆಕಾರ್ಡಿಂಗ್ ಹಾಕಿದರೆ ಮೆಷಿನ್ನು ಚಪ್ಪಾಳೆಯನ್ನೂ ಜೋರು ಮಾಡುತ್ತದೆ, ಮಾತು ತಿಳಿಯುವುದಿಲ್ಲ. ಎದ್ದು ಹೋಗಿಬಿಡುತ್ತಾರೆ. ಅವರಂಥವರಿಗೆ ಶುದ್ಧವಾಗಿ ಕೇಳುವ ಮಾತು, ಕೆಳಗೆ ಕನ್ನಡದಲ್ಲೇ ಅಕ್ಷರ, ಎರಡೂ ಬೇಕು. ಆಕಾಶವಾಣಿಯ ಹಾಸ್ಯ ನಾಟಕಗಳನ್ನು ಚಿಕ್ಕಪ್ಪ ಈಗಲೂ ಇಷ್ಟಪಟ್ಟು ಕೇಳುತ್ತಾರೆ. ಅವು ಕಿವಿಗೆ ಅಂತಲೇ ಬರೆದವು, ಸ್ಟುಡಿಯೊದಲ್ಲೇ ಹುಟ್ಟಿದವು. ಅದರ ಬಗ್ಗೆ ನನ್ನ ತಕರಾರಿಲ್ಲ. ಸಭೆಯಲ್ಲಿ ಹುಟ್ಟಿದ್ದನ್ನು ತಂದು ಸ್ಟುಡಿಯೊದಲ್ಲಿ ಕೂರಿಸುವುದರ ಬಗ್ಗೆ ನನ್ನ ಮಾತು.

ಈಗ ಇನ್ನೊಂದು ಶುರುವಾಗಿದೆ. ಸಭೆಯ ಒಳ್ಳೆಯ ರೆಕಾರ್ಡಿಂಗ್ ಇರುತ್ತದೆ. ಅದನ್ನು ಒಂದು ನಿಮಿಷದ ತುಂಡು ಮಾಡುತ್ತಾರೆ. ಕಲಾವಿದರು ಕಾದ ಹೊತ್ತನ್ನು ಕತ್ತರಿಸುತ್ತಾರೆ, ನಗು ಅರ್ಧಕ್ಕೆ ಬರುವಾಗ ಕತ್ತರಿಸುತ್ತಾರೆ, ಮೇಲೆ "ಟಡಾಂ" ಅಂತ ಒಂದು ಶಬ್ದ ಹಾಕುತ್ತಾರೆ. ಪ್ರಾಣೇಶ್, ಕೃಷ್ಣೇಗೌಡರು, ಸುಧಾ ಬರಗೂರು, ಇವರೆಲ್ಲ ಒಂದು ಕಥೆಯನ್ನು ಹತ್ತು ನಿಮಿಷ ಬೆಳೆಸಿ ಕೊನೆಗೆ ಒಂದು ಮಾತಿಗೆ ತಂದು ನಿಲ್ಲಿಸುವವರು. ಆ ಕೊನೆಯ ಮಾತು ಒಂದನ್ನೇ ಕಿತ್ತು ಕೊಟ್ಟರೆ ಅದು ಬರೀ ಜೋಕು. ಹತ್ತು ನಿಮಿಷ ಜನ ಹೇಗೆ ಬಿಸಿಯಾದರು ಅನ್ನುವುದು ಅಲ್ಲಿ ಇಲ್ಲ.

ಕಾರ್ಯಕ್ರಮ ಮಾಡುವವರಿಗೆ, ನನ್ನ ಕಸುಬಿನ ಗೆಳೆಯರಿಗೆ ಕೈಮುಗಿದು ಕೇಳುತ್ತೇನೆ. ಇನ್ನು ಮೂರು ತಿಂಗಳಿಗೆ ದಸರಾ ಬರುತ್ತದೆ. ಗೋಣಿಕೊಪ್ಪದಲ್ಲಿ, ಮಡಿಕೇರಿಯಲ್ಲಿ ಹಾಸ್ಯ ಕಾರ್ಯಕ್ರಮ ಇದ್ದರೆ ಜನರ ಕಡೆ ಎರಡು ಮೈಕ್ ಇಡಿ. ಖರ್ಚು ಜಾಸ್ತಿ ಇಲ್ಲ. ಪೂರ್ತಿ ರೆಕಾರ್ಡಿಂಗನ್ನು ಒಂದು ಕಡೆ ಕತ್ತರಿಸದೆ ಉಳಿಸಿ. ಶಾಮಿಯಾನದ ಮೇಲೆ ಮಳೆ ಬಿದ್ದ ಶಬ್ದ ಬಂದರೂ ಇರಲಿ.

ಅಪ್ಪ ತಂದ ಆ ಕ್ಯಾಸೆಟ್ಟನ್ನು ನಾನು ಹೋದ ತಿಂಗಳು ಕಂಪ್ಯೂಟರಿಗೆ ಇಳಿಸಿಕೊಂಡೆ. ಟೇಪ್ ಅಲ್ಲಲ್ಲಿ ಸವೆದಿದೆ. ಸಾಫ್ಟ್‌ವೇರಿನಲ್ಲಿ ಮಾತು ಮಾತ್ರ ಉಳಿಸಿ ಮಿಕ್ಕ ಗದ್ದಲ ಅಳಿಸುವ ಬಟನ್ ಇದೆ. ಒಂದು ಸಲ ಒತ್ತಿ ನೋಡಿದೆ. ಹಿರಣ್ಣಯ್ಯನವರ ದನಿ ಗಾಜಿನ ಹಾಗೆ ಸ್ಪಷ್ಟ ಆಯಿತು. ಸಭೆ ಹೋಯಿತು, ಲೇಟ್ ಮಾಮನೂ ಹೋದ. ವಾಪಸ್ ತಂದು ಹಾಗೇ ಸೇವ್ ಮಾಡಿದೆ.

ಮೊನ್ನೆ ಕಣಿಲೆ ಹೆಚ್ಚಿ ಮುಗಿದ ಮೇಲೆ ಅಮ್ಮನಿಗೆ ಅದನ್ನು ಹಾಕಿದೆ. ಅಪ್ಪ ಹೋದ ಮೇಲೆ ಅವರು ಅದನ್ನು ಕೇಳಿರಲಿಲ್ಲ. ಮಳೆ ಜೋರಿತ್ತು, ಸೌಂಡ್ ಪೂರ್ತಿ ಏರಿಸಿದೆ. ಮೊದಲ ದೊಡ್ಡ ನಗು ಬಂತು, ಇಳಿಯಿತು. ನಾನು ಏನೋ ಹೇಳಲು ಹೋದೆ. ಅಮ್ಮ ಕೈ ಎತ್ತಿ "ತಡಿ, ತಡಿ" ಅಂದರು. "ಅವ್ರು ಇನ್ನೂ ನಕ್ಕಿಲ್ಲ."